ಕೆರೆಗೆ ತಕ್ಕ ಎಳೆ: ಫ್ಲೈ ಫಿಶಿಂಗಿನ ಲೀಡರ್, ಟಿಪ್ಪೆಟ್ ಮತ್ತು ಶಿಂಷೆಯ ನೀರು

ಮಾಮೂಲಿ ಗಾಳದಲ್ಲಿ ತೂಕವೆಲ್ಲ ತುದಿಯಲ್ಲಿರುತ್ತದೆ. ಸೀಸದ ಗುಂಡು, ಬೆಂಡು, ಎರೆಹುಳು ಸೇರಿ ಬೀಸಿದ ಕಡೆಗೆ ಹಾರುತ್ತವೆ, ದಾರ ಅವುಗಳ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ಈ ಲೆಕ್ಕ ತಿರುವುಮುರುವು. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳುವಿನ ಸೋಗಿಗೆ ಫ್ಲೈ ಎನ್ನುತ್ತಾರೆ. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ. ತೂಕವಿರುವುದು ಪ್ಲಾಸ್ಟಿಕ್ ಹೊದಿಸಿದ ದಪ್ಪ ಲೈನಿಗೆ. ಕೋಲು ಬೀಸುವುದು ಆ ಲೈನನ್ನು, ಫ್ಲೈ ಅದರ ಬೆನ್ನು ಹಿಡಿದು ಹೋಗಿ ನೀರಿನ ಮೇಲೆ ಕೂರಬೇಕು. ಅಷ್ಟು ದಪ್ಪದ ಲೈನಿಗೆ ನೇರವಾಗಿ ಫ್ಲೈ ಕಟ್ಟಲಾಗದು. ಅದು ಕೊಕ್ಕೆಯ ಕಣ್ಣಿನಲ್ಲಿ ತೂರುವುದೇ ಇಲ್ಲ, ತೂರಿದರೂ ನೀರಿಗೆ ಬಡಿದ ಸದ್ದಿಗೆ ಮೀನು ಚದುರುತ್ತದೆ. ಹಾಗಾಗಿ ಇವೆರಡರ ನಡುವೆ ಬುಡದಲ್ಲಿ ದಪ್ಪ, ತುದಿಗೆ ಸಣ್ಣ ಆಗುತ್ತ ಹೋಗುವ ಒಂದು ಪಾರದರ್ಶಕ ಎಳೆ ಬೇಕು. ಅದೇ ಲೀಡರ್. ಲೀಡರಿನ ಕಟ್ಟಕಡೆಯ ಅತಿ ಸಣ್ಣ ತುಂಡು ಟಿಪ್ಪೆಟ್.

ಲೀಡರ್ ಎಷ್ಟುದ್ದ ಇರಬೇಕು, ಟಿಪ್ಪೆಟ್ ಎಷ್ಟು ದಪ್ಪ ಇರಬೇಕು, ಯಾವ ವಸ್ತುವಿನದು, ಯಾವ ಗಂಟು? ಪುಸ್ತಕಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಆದರೆ ಆ ಉತ್ತರಗಳು ಹುಟ್ಟಿದ್ದು ಇಂಗ್ಲೆಂಡಿನ ಸುಣ್ಣಕಲ್ಲಿನ ನಾಡಿನ ತಿಳಿಹೊಳೆಗಳಲ್ಲಿ ಮತ್ತು ಅಮೆರಿಕದ ಬೆಟ್ಟದ ನದಿಗಳಲ್ಲಿ, ಟ್ರೌಟ್ ಎಂಬ ತಂಪುನೀರಿನ ಮೀನನ್ನು ಎದುರಿಗಿಟ್ಟುಕೊಂಡು. ತುಮಕೂರಿನ ಬಟವಾಡಿಯಲ್ಲಿ ನಿಂತು ಕೋಲು ಹಿಡಿದವನ ನೀರು ಬೇರೆ. ಬಿ.ಎಚ್. ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಗುಬ್ಬಿ, ದಕ್ಷಿಣಕ್ಕೆ ಇಳಿದರೆ ಕುಣಿಗಲ್, ಎರಡೂ ಕಡೆ ಕೆರೆಗಳ ಸಾಲು. ದೇವರಾಯನದುರ್ಗದ ಬೆಟ್ಟದ ತೆಂಕಣ ಮಗ್ಗುಲಲ್ಲಿ ಹುಟ್ಟುವ ಶಿಂಷೆ ಗುಬ್ಬಿ ಸೀಮೆಯ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯನ್ನು ದಾಟಿ, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಈ ನೀರಿಗೆ ಯಾವ ಎಳೆ ತಕ್ಕದ್ದು ಎನ್ನುವುದೇ ಇಲ್ಲಿನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕೆರೆಗಳಿಗೆ ಪುಸ್ತಕದ ಲೀಡರಿಗಿಂತ ಗಿಡ್ಡದು, ದಪ್ಪನೆಯದು, ಸರಳವಾದದ್ದು ಬೇಕು. ಮೀನಿನ ಕಣ್ಣಿಗೆ ಎಳೆ ಕಾಣದಂತೆ ಮಾಡುವ ಚಿಂತೆಗಿಂತ, ಜೊಂಡು, ಜಾಲಿಯ ಮೋಟು ಮತ್ತು ಮೀನಿನ ಹಲ್ಲಿನಿಂದ ಎಳೆಯನ್ನು ಉಳಿಸಿಕೊಳ್ಳುವ ಚಿಂತೆ ಇಲ್ಲಿ ದೊಡ್ಡದು.

ಎಳೆಯ ಚರಿತ್ರೆ ತಿಳಿದರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ಕನ್ನಡ ನೆಲದಲ್ಲಿ ಗಾಳ ಹಾಕುವುದನ್ನು ಶಾಸ್ತ್ರವಾಗಿ ಬರೆದಿಟ್ಟವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಹನ್ನೆರಡನೆಯ ಶತಮಾನದ ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಬಗೆ, ಅವುಗಳಿಗೆ ಒಗ್ಗುವ ಮೇವು, ಕೋಲು ಮತ್ತು ದಾರದಿಂದ ಹಿಡಿಯುವ ಕ್ರಮ ಎಲ್ಲವನ್ನೂ ಅರಸ ಅಲ್ಲಿ ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ನನ ಹೆಸರಾಂತ ಪುಸ್ತಕ ಬಂದದ್ದು 1653ರಲ್ಲಿ. ಅವನ ಕಾಲದ ಎಳೆ ಕುದುರೆಯ ಬಾಲದ ಕೂದಲು. ಕೂದಲುಗಳನ್ನು ಹೊಸೆದು, ತುದಿಗೆ ಬರುತ್ತ ಒಂದೊಂದನ್ನೇ ಕಡಿಮೆ ಮಾಡುತ್ತ ಬರುವುದು ಆಗಿನ ರೂಢಿ. ಬುಡ ದಪ್ಪ, ತುದಿ ಸಣ್ಣ ಎಂಬ ನಿಯಮ ಅಷ್ಟು ಹಳೆಯದು.

ಕೂದಲಿನ ಜಾಗಕ್ಕೆ ಬಂದದ್ದು ರೇಷ್ಮೆ ಹುಳು. ಕುಣಿಗಲ್, ರಾಮನಗರ ಕಡೆಯ ಓದುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಿಪ್ಪುನೇರಳೆ ತಿಂದು ಹುಳು ಹಣ್ಣಾದ ಮೇಲೆ ನಾವು ಅದನ್ನು ಚಂದ್ರಿಕೆಗೆ ಬಿಡುತ್ತೇವೆ, ಅದು ಗೂಡು ಕಟ್ಟುತ್ತದೆ. ಸ್ಪೇನಿನ ಮುರ್ಸಿಯಾ ಸೀಮೆಯಲ್ಲಿ ಗೂಡು ಕಟ್ಟುವ ಮೊದಲೇ ಆ ಹಣ್ಣುಹುಳುವನ್ನು ವಿನಿಗರಿನಲ್ಲಿ ನೆನೆಹಾಕಿ, ಒಳಗಿನ ರೇಷ್ಮೆಯ ಚೀಲಗಳನ್ನು ತೆಗೆದು, ಎರಡು ತುದಿ ಹಿಡಿದು ಎಳೆಯುತ್ತಿದ್ದರು. ಹಾಗೆ ಎಳೆದಾಗ ಗಟ್ಟಿಯಾಗುವ ಒಂದು ಅಡಿಯ ಆಸುಪಾಸಿನ ತಂತಿಯಂಥ ಎಳೆಗೆ ಗಟ್ ಎನ್ನುತ್ತಿದ್ದರು. ಒಂದು ಹುಳುವಿನಿಂದ ಸಿಗುವುದು ಅಂಥ ಒಂದೆರಡು ಎಳೆ ಮಾತ್ರ. ಒಂಬತ್ತು ಅಡಿಯ ಲೀಡರ್ ಬೇಕೆಂದರೆ ಅನೇಕ ಎಳೆಗಳನ್ನು ಗಂಟು ಹಾಕಿ ಸೇರಿಸಬೇಕಿತ್ತು. ದಪ್ಪನೆಯದನ್ನು ಮೊದಲಿಟ್ಟು ಸಣ್ಣದನ್ನು ಕೊನೆಗಿಟ್ಟು ಗಂಟು ಹಾಕುವುದು ಹೀಗೆ ಕಸುಬಿನ ಅಂಗವೇ ಆಯಿತು. ಇಂದಿಗೂ ಲೀಡರ್ ಕಟ್ಟುವವರು ಬಳಸುವ ಬ್ಲಡ್ ಗಂಟು ಆ ಗಟ್ಟಿನ ಕಾಲದ ಬಳುವಳಿ. ಒಣಗಿದ ಗಟ್ ಚಿಟಕ್ಕನೆ ಮುರಿಯುತ್ತದೆಂದು ಹಿಂದಿನ ರಾತ್ರಿಯೇ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕಿತ್ತು. ರೇಷ್ಮೆ ಹುಳುವಿಗೆ ಗಾಳದೊಂದಿಗೂ ಇಂಥದೊಂದು ನಂಟಿತ್ತು ಎಂಬುದು ಇಲ್ಲಿನ ಸಾಕಣೆದಾರರಿಗೇ ಹೊಸ ಸುದ್ದಿಯಾಗಬಹುದು.

ಎಕ್ಸ್ ಲೆಕ್ಕ ಹುಟ್ಟಿದ್ದೂ ಈ ಗಟ್ಟಿನಿಂದಲೇ. ಗಟ್ಟನ್ನು ಇನ್ನೂ ಸಣ್ಣ ಮಾಡಲು ಲೋಹದ ತಟ್ಟೆಯ ತೂತುಗಳಲ್ಲಿ ತೂರಿಸಿ ಎಳೆಯುತ್ತಿದ್ದರು. ಹೆಚ್ಚು ಸಲ ಎಳೆದಷ್ಟೂ ಎಳೆ ಸಣ್ಣ, ಸಂಖ್ಯೆ ದೊಡ್ಡದು. ಆದ್ದರಿಂದಲೇ ಇಂದಿಗೂ 6 ಎಕ್ಸ್ ಎಂದರೆ 3 ಎಕ್ಸ್‌ಗಿಂತ ಸಣ್ಣ ಎಳೆ. ಲೆಕ್ಕ ಸುಲಭ. 11ರಿಂದ ಎಕ್ಸ್ ಸಂಖ್ಯೆ ಕಳೆದರೆ ಉಳಿಯುವುದು ಇಂಚಿನ ಸಾವಿರದ ಭಾಗದಲ್ಲಿ ಎಳೆಯ ದಪ್ಪ. 5 ಎಕ್ಸ್ ಎಂದರೆ ಇಂಚಿನ ಸಾವಿರದಲ್ಲಿ ಆರು ಭಾಗ, ಅಂದರೆ ಸುಮಾರು 0.15 ಮಿಲಿಮೀಟರ್. 3 ಎಕ್ಸ್ ಸುಮಾರು 0.20, 1 ಎಕ್ಸ್ ಸುಮಾರು 0.25, 0 ಎಕ್ಸ್ ಸುಮಾರು 0.28 ಮಿಲಿಮೀಟರ್. ಈ ಅಂಕಿ ದಪ್ಪವನ್ನು ಮಾತ್ರ ಹೇಳುತ್ತದೆ, ಬಲವನ್ನಲ್ಲ. ಒಂದೇ 3 ಎಕ್ಸ್ ಎಂದು ಬರೆದ ಎರಡು ಕಂಪನಿಗಳ ಎಳೆಗಳು ತಾಳುವ ತೂಕದಲ್ಲಿ ಬಹಳ ಅಂತರವಿರುತ್ತದೆ. ಕೆಲವು ಸಲ ಬರೆದ ದಪ್ಪವೂ ಸರಿಯಿರುವುದಿಲ್ಲ. ನನ್ನ ಮಟ್ಟಿಗೆ ಎಕ್ಸ್ ಪದ್ಧತಿಯನ್ನು ಬದಿಗಿಟ್ಟು ಮಿಲಿಮೀಟರಿನಲ್ಲಿ ಯೋಚಿಸುವುದೇ ಲೇಸು. ಒಂದು ಮೈಕ್ರೋಮೀಟರ್ ಕೈಗೆ ಸಿಕ್ಕರೆ ಎಳೆಯನ್ನು ಅಳೆದೇ ನೋಡಬಹುದು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ನಡೆದ ಊರು ತುಮಕೂರು. ಕೂದಲೆಳೆಗಿಂತ ಸಣ್ಣ ಅಳತೆಗಳನ್ನು ಕೈಬೆರಳಲ್ಲಿ ಹಿಡಿದು ಬದುಕು ನಡೆಸಿದ ಕೆಲಸಗಾರರು ಇಲ್ಲಿನ ಮನೆಮನೆಗಳಲ್ಲಿ ಇನ್ನೂ ಇದ್ದಾರೆ, ಅಳೆಯುವುದನ್ನು ಅವರಿಂದ ಕಲಿಯಬಹುದು.

ಗಟ್ಟಿನ ಯುಗ ಮುಗಿದದ್ದು ನೈಲಾನ್ ಬಂದ ಮೇಲೆ. ಅಮೆರಿಕದ ಡುಪಾಂಟ್ ಕಂಪನಿ ನೈಲಾನನ್ನು 1938ರಲ್ಲಿ ಲೋಕಕ್ಕೆ ತೋರಿಸಿತು, ಸ್ವಲ್ಪದರಲ್ಲೇ ಅದರ ಒಂಟಿ ಎಳೆಯ ಮೀನುದಾರ ಪೇಟೆಗೆ ಬಂತು. ನಮ್ಮ ಹಳ್ಳಿಗಳಲ್ಲಿ ತಂಗೂಸಿ ಎಂದು ಕರೆಯುವ ದಾರ ಇದೇ ನೈಲಾನ್. ನೆನೆಹಾಕುವ ಕೆಲಸ ತಪ್ಪಿತು, ಬೇಕಾದಷ್ಟು ಉದ್ದದ ಎಳೆ ಸಿಕ್ಕಿತು, ಗಂಟೇ ಇಲ್ಲದೆ ಬುಡದಿಂದ ತುದಿಗೆ ಸಣ್ಣವಾಗುತ್ತ ಹೋಗುವ ಲೀಡರನ್ನು ಕಾರ್ಖಾನೆಯಲ್ಲೇ ತೆಗೆಯಲು ಸಾಧ್ಯವಾಯಿತು. ನಾಲ್ಕನೆಯ ವಸ್ತು ಫ್ಲೋರೋಕಾರ್ಬನ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದರಿಂದ ಮೀನುದಾರ ಮಾಡಿತು.

ನೈಲಾನ್ ಮತ್ತು ಫ್ಲೋರೋಕಾರ್ಬನ್ ನಡುವಿನ ಜಗಳ ಅರ್ಧ ಶತಮಾನದಿಂದ ನಡೆದೇ ಇದೆ. ಫ್ಲೋರೋಕಾರ್ಬನ್ ಪರ ವಾದಿಸುವವರ ಮೊದಲ ಮಾತು ಅದು ನೀರಿನಲ್ಲಿ ಕಾಣುವುದಿಲ್ಲ ಎಂಬುದು. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿನ ಅಂಕಿ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.5ಕ್ಕಿಂತ ಹೆಚ್ಚು. ನೀರಿಗೆ ಹತ್ತಿರವಾದಷ್ಟೂ ಎಳೆ ಕಡಿಮೆ ಕಾಣುತ್ತದೆ ಎಂಬ ವಾದ ತಿಳಿನೀರಿನಲ್ಲಿ ಸರಿ. ಹೇಮಾವತಿ ನಾಲೆಯ ನೀರು ಬಂದು ಸೇರುವ, ಮುಂಗಾರಿನ ಮಣ್ಣು ಕದಡಿದ, ಬೇಸಿಗೆಯಲ್ಲಿ ಪಾಚಿಯಿಂದ ಹಸಿರಾಗುವ ನಮ್ಮ ಕೆರೆಯಲ್ಲಿ ಮೊಣಕೈಯಷ್ಟು ಆಳದಲ್ಲಿ ನಮ್ಮ ಬೆರಳೇ ನಮಗೆ ಕಾಣುವುದಿಲ್ಲ. ಅಲ್ಲಿ ಕಾಣದ ಎಳೆಗಾಗಿ ಮೂರು ಪಟ್ಟು ದುಡ್ಡು ಕೊಡುವುದು ವ್ಯರ್ಥ.

ಹಾಗೆಂದು ಫ್ಲೋರೋಕಾರ್ಬನ್ ಬೇಡವೆಂದಲ್ಲ. ಅದರ ನಿಜವಾದ ಗುಣ ತೂಕದಲ್ಲಿದೆ. ನೈಲಾನ್ ನೀರಿಗಿಂತ ತುಸುವೇ ಭಾರ, ಅದರ ಸಾಂದ್ರತೆ ಸುಮಾರು 1.14. ಫ್ಲೋರೋಕಾರ್ಬನ್ನಿನದು ಸುಮಾರು 1.78, ಬೇಗ ಮುಳುಗುತ್ತದೆ. ಕೆರೆಯ ತಳ ಕೆದಕುವ ಮೀನಿಗೆ ಮುಳುಗುವ ಫ್ಲೈ ಹಾಕುವಾಗ ಇದು ಒಳ್ಳೆಯದು, ನೀರ ಮೇಲೆ ತೇಲುವ ಫ್ಲೈಗೆ ಕೆಟ್ಟದ್ದು. ಅದರ ಮೈ ಗಡಸು, ಕಲ್ಲಿಗೆ ಉಜ್ಜಿದರೆ ತಡೆಯುತ್ತದೆ, ನೀರು ಕುಡಿಯುವುದಿಲ್ಲ. ನೈಲಾನ್ ನೀರು ಹೀರಿಕೊಂಡು ನೆನೆದಾಗ ತನ್ನ ಬಲದ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಆದರೆ ನೈಲಾನ್ ಹೆಚ್ಚು ಹಿಗ್ಗುತ್ತದೆ, ಮೀನಿನ ಮೊದಲ ಜಗ್ಗನ್ನು ಹೀರಿಕೊಳ್ಳುತ್ತದೆ, ಗಂಟು ಸುಲಭವಾಗಿ ಕೂರುತ್ತದೆ. ಫ್ಲೋರೋಕಾರ್ಬನ್ನಿನ ಗಂಟನ್ನು ಅವಸರದಲ್ಲಿ ಬಿಗಿದರೆ ಅದು ಅಲ್ಲೇ ಕಾದು ಸೋಲುತ್ತದೆ. ನೈಲಾನಿಗೆ ಇರುವ ದೊಡ್ಡ ಶತ್ರು ಬಿಸಿಲು. ಏಪ್ರಿಲ್ ತಿಂಗಳಲ್ಲಿ ಕಾರಿನ ಮುಂಭಾಗದ ಗಾಜಿನ ಕೆಳಗೆ ಬಿಟ್ಟ ದಾರದ ಉಂಡೆಯನ್ನು ಮತ್ತೆ ನಂಬಬಾರದು.

ಇನ್ನು ಲೀಡರಿನ ಆಕಾರ. ಎತ್ತು ಹೊಡೆಯುವ ಬಾರುಕೋಲನ್ನು ನೋಡಿ: ಹಿಡಿಯ ಬಳಿ ಬಾರು ದಪ್ಪ, ತುದಿಯಲ್ಲಿ ಸಣ್ಣ. ಕೈಯ ಬೀಸು ಬುಡದಿಂದ ಹೊರಟು ಸಣ್ಣವಾಗುತ್ತ ಹೋಗುವ ಬಾರಿನಲ್ಲಿ ವೇಗ ಹೆಚ್ಚಿಸಿಕೊಂಡು ತುದಿಯಲ್ಲಿ ಚಟ್ಟೆನ್ನುತ್ತದೆ. ಲೀಡರ್ ಕೆಲಸ ಮಾಡುವುದೂ ಹೀಗೆಯೇ. ಲೈನಿನ ಚಲನೆ ಅದರೊಳಗೆ ಇಳಿದು, ಕೊನೆಗೆ ಫ್ಲೈಯನ್ನು ಮುಂದಕ್ಕೆ ಚಾಚಿ ಕೂರಿಸಬೇಕು. ಬುಡ ತೀರಾ ಸಣ್ಣದಾದರೆ ಶಕ್ತಿ ಅಲ್ಲೇ ಕುಸಿದು ಲೀಡರ್ ಗುಂಪಾಗಿ ಬೀಳುತ್ತದೆ. ಲೈನಿನ ತುದಿಯ ದಪ್ಪದ ಮೂರರಲ್ಲಿ ಎರಡು ಪಾಲು ಲೀಡರಿನ ಬುಡ ಇರಲಿ ಎನ್ನುವುದು ಅನುಭವದ ಮಾತು. ಸಾಮಾನ್ಯ ಲೈನಿಗೆ ಇದು 0.50ರಿಂದ 0.55 ಮಿಲಿಮೀಟರ್ ಆಗುತ್ತದೆ. ಉದ್ದದ ಹಂಚಿಕೆಗೆ ಚಾರ್ಲ್ಸ್ ರಿಟ್ಜ್ ಹೆಸರಿನಲ್ಲಿ ಬಳಕೆಗೆ ಬಂದ ಸೂತ್ರವೊಂದಿದೆ: ನೂರರಲ್ಲಿ ಅರವತ್ತು ಪಾಲು ಬುಡ, ಇಪ್ಪತ್ತು ಪಾಲು ಇಳಿಕೆ, ಇಪ್ಪತ್ತು ಪಾಲು ಟಿಪ್ಪೆಟ್. ಒಂಬತ್ತು ಅಡಿಗೆ, ಅಂದರೆ ಸುಮಾರು 270 ಸೆಂಟಿಮೀಟರಿಗೆ, ಇದು 160, 55, 55 ಆಗುತ್ತದೆ. ಮನೆಯಲ್ಲೇ ಲೀಡರ್ ಕಟ್ಟುವವರಿಗೆ ಈ ಮೂರು ಅಂಕಿ ಸಾಕು. ಪಕ್ಕಪಕ್ಕದ ತುಂಡುಗಳ ದಪ್ಪದಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ಲಡ್ ಗಂಟು ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಅಂಥ ಕಡೆ ಸರ್ಜನ್ ಗಂಟು ಹಾಕಬೇಕು.

ಹುಕ್ಕಿನ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಬೇಕಾದ ಎಕ್ಸ್ ಸಿಗುತ್ತದೆ ಎಂಬ ಇನ್ನೊಂದು ಸೂತ್ರವೂ ಇದೆ. 12ರ ಹುಕ್ಕಿಗೆ 4 ಎಕ್ಸ್. ಚಿಕ್ಕ ಟ್ರೌಟ್ ಹುಕ್ಕುಗಳಿಗೆ ಇದು ಹೊಂದುತ್ತದೆ. ನಮ್ಮ ದೊಡ್ಡ ಫ್ಲೈಗಳಿಗೆ ಬಂದಾಗ ಅರ್ಥ ಕಳೆದುಕೊಳ್ಳುತ್ತದೆ, ಇಲ್ಲಿ ಮರೆತರೂ ನಷ್ಟವಿಲ್ಲ.

ಈಗ ಕೆರೆಗೆ ಬರೋಣ. ತುಮಕೂರಿಗೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಯನ್ನು ಈ ಲೆಕ್ಕದಿಂದ ಹೊರಗಿಡುತ್ತೇನೆ, ಅಲ್ಲಿ ಗಾಳದ ಮಾತು ಬೇಡ. ಉಳಿದ ದೊಡ್ಡ ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆ ಮೀನಿನ ಹಕ್ಕನ್ನು ಗುತ್ತಿಗೆಗೋ ಮೀನುಗಾರರ ಸಹಕಾರ ಸಂಘಕ್ಕೋ ಕೊಟ್ಟಿರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಟ್ಟವರು ಅವರು. ಅವರನ್ನು ಕೇಳಿ, ಒಪ್ಪಿಗೆ ಪಡೆದ ಮೇಲೆಯೇ ಏರಿಯ ಮೇಲೆ ನಿಲ್ಲಬೇಕು. ಹಿಡಿದದ್ದನ್ನು ಬಿಟ್ಟುಬಿಡುತ್ತೇನೆ ಎಂದು ತಿಳಿಸಿ ಹೇಳಿದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ.

ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ಬಹುಪಾಲು ಸಸ್ಯಾಹಾರಿ. ಎರಡೂ ಫ್ಲೈ ಮುಟ್ಟುವುದು ಅಪರೂಪ. ಫ್ಲೈಗೆ ಸಿಗುವುದು ನಾಲ್ಕು ಬಗೆ: ಸಣ್ಣ ಗೆಂಡೆಗಳು, ಎಲ್ಲೆಡೆ ತುಂಬಿಕೊಂಡಿರುವ ಜಿಲೇಬಿ, ಕಾಮನ್ ಕಾರ್ಪ್, ಮತ್ತು ಕೊರವ ಮೀನು.

ಗೆಂಡೆ, ಜಿಲೇಬಿಗಳಿಗೆ ಹಗುರ ಕೋಲು, ಏಳೂವರೆ ಅಡಿಯ ಲೀಡರ್, ತುದಿಗೆ 0.18ರಿಂದ 0.20 ಮಿಲಿಮೀಟರಿನ ನೈಲಾನ್ ಸಾಕು. ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಜಿಲೇಬಿ ತಪ್ಪುಗಳನ್ನು ಮನ್ನಿಸುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಕೋಡಿಯ ಕಡೆ ತೆಳ್ಳನೆ ನೀರಿನಲ್ಲಿ ಅದು ಗುಂಪಾಗಿ ಮೇಯುತ್ತದೆ.

ಕಾಮನ್ ಕಾರ್ಪ್ ಬೇರೆ ಸ್ವಭಾವದ್ದು. ಕೆರೆಯಂಗಳದ ಆಳವಿಲ್ಲದ ಕಡೆ ತಲೆ ತಗ್ಗಿಸಿ ಕೆಸರು ಕೆದಕುತ್ತ ಬರುತ್ತದೆ, ಬಾಲ ಮೇಲೆ ಕಾಣುತ್ತದೆ. ನೀರು ಕದಡಿದ್ದರೂ ಅದು ಅಂಜುಬುರುಕ. ಎಳೆ ಅದಕ್ಕೆ ಕಾಣುವುದಕ್ಕಿಂತ ಹೆಚ್ಚಾಗಿ, ದಪ್ಪ ಲೈನು ನೀರಿಗೆ ಬಿದ್ದ ಸದ್ದು ಅದಕ್ಕೆ ತಟ್ಟುತ್ತದೆ. ಆದ್ದರಿಂದ ನಮ್ಮ ಕೆರೆಗಳಲ್ಲಿ ಉದ್ದ ಲೀಡರಿಗೆ ಅರ್ಥವಿರುವುದು ಈ ಮೀನಿಗೆ ಮಾತ್ರ: ಒಂಬತ್ತರಿಂದ ಹತ್ತು ಅಡಿ, ಕೊನೆಯ ಎರಡಡಿ 0.23ರಿಂದ 0.25 ಮಿಲಿಮೀಟರಿನ ಫ್ಲೋರೋಕಾರ್ಬನ್. ಫ್ಲೈ ಕೆಸರಿಗೆ ಬೇಗ ಇಳಿದು ಸುಮ್ಮನೆ ಕೂರಬೇಕು. ಮೀನಿನ ಬಾಯಿ ಮೆತ್ತಗೆ, ಹಲ್ಲಿಲ್ಲ. ಹಲ್ಲಿರುವುದು ಗಂಟಲಿನಲ್ಲಿ. ಆದರೆ ಮೊದಲ ಓಟ ಜೋರು. ಆ ಓಟದಲ್ಲಿ ಜೊಂಡಿಗೋ, ನೆಡುತೋಪಿನ ಕಾಲದಲ್ಲಿ ಕೆರೆಯಂಗಳದಲ್ಲಿ ಬೆಳೆಸಿ ಕಡಿದ ಕರಿಜಾಲಿಯ ಮೋಟಿಗೋ ಎಳೆ ಸುತ್ತಿಕೊಂಡರೆ 0.18ರ ಟಿಪ್ಪೆಟ್ ಉಳಿಯುವುದಿಲ್ಲ.

ಕೊರವ ಮೀನಿನ ವಿಚಾರ ಪೂರ್ತಿ ಬೇರೆ, ನಮ್ಮ ಕೆರೆಗಳ ಎಳೆಯ ಪ್ರಶ್ನೆ ಗಟ್ಟಿಯಾಗುವುದು ಇಲ್ಲಿಯೇ. ಗಾಳಿಯನ್ನೂ ಉಸಿರಾಡುವ ಈ ಮೀನು ಅಂತರಗಂಗೆ, ತಾವರೆ ಎಲೆ, ಜೊಂಡಿನ ನಡುವೆ ಅಡಗಿ ಕಪ್ಪೆ, ಮರಿಮೀನುಗಳಿಗೆ ಹೊಂಚು ಹಾಕುತ್ತದೆ. ಬಾಯಲ್ಲಿ ಚೂಪು ಹಲ್ಲು. ಅದಕ್ಕೆ ಹಾಕುವ ಫ್ಲೈ ಕಪ್ಪೆಯ ಸೋಗಿನದು: ದೊಡ್ಡದು, ಗಾಳಿಗೆ ತಡೆಯಾಗುವಂಥದ್ದು. ಉದ್ದದ ಸಣ್ಣ ಲೀಡರ್ ಅಂಥ ಫ್ಲೈಯನ್ನು ಮುಂದಕ್ಕೆ ಚಾಚಲಾರದು, ಅದು ಗಿರ್ರನೆ ತಿರುಗಿ ಎಳೆಯನ್ನೇ ಹೊಸೆದುಬಿಡುತ್ತದೆ. ಎಂಟನೆಯ ಅಳತೆಯ ಕೋಲಿಗೆ ನಾನು ಹೇಳುವ ಲೀಡರ್ ಒಟ್ಟು ಆರಡಿ: ಮೂರಡಿ 0.60, ಒಂದೂವರೆ ಅಡಿ 0.50, ಒಂದಡಿ 0.40 ಮಿಲಿಮೀಟರ್, ಅದರ ಮುಂದೆ ಹಲ್ಲಿಗೆ ಒಡ್ಡಲು ಒಂದು ಗೇಣಿಗಿಂತ ಕಡಿಮೆ 0.50ರ ತುಂಡು. ತೇಲುವ ಕಪ್ಪೆಗೆ ಇದೆಲ್ಲ ನೈಲಾನೇ ಇರಲಿ. ಈ ತುಂಡುಗಳು ಸೇರುವ ಕಡೆಯಲ್ಲೆಲ್ಲ ಸರ್ಜನ್ ಗಂಟು. ತಂತಿ ಬೇಕಿಲ್ಲ, ಅದು ಫ್ಲೈಯ ನಡೆಯನ್ನು ಕೆಡಿಸುತ್ತದೆ. ಸಮುದ್ರದ ಮೀನಿಗೆ ಬಳಸುವ ದಪ್ಪ ತಂಗೂಸಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ, ಈ ಲೀಡರಿನ ಬುಡಕ್ಕೆ ಅದೇ ಸಾಕು.

ಹಲ್ಲಿಗೆ ಒಡ್ಡುವ ಇಂಥ ತುಂಡನ್ನು ಶಾಕ್ ಟಿಪ್ಪೆಟ್ ಎನ್ನುತ್ತಾರೆ. ದಾಖಲೆಗಳನ್ನು ಕಾಯುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ನಿಯಮದಂತೆ ಇದು 12 ಇಂಚು ಮೀರಬಾರದು, ಅದರ ಹಿಂದಿನ ಅಳತೆಯ ಟಿಪ್ಪೆಟ್ ಕನಿಷ್ಠ 15 ಇಂಚು ಇರಬೇಕು. ದಾಖಲೆಯ ಆಸೆ ಇಲ್ಲದವರಿಗೆ ಮೇಲೆ ಹೇಳಿದ ಅಳತೆಯೇ ಸಾಕು. ಕೊರವದ ಬಗ್ಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅದು ಮರಿ ಮಾಡುತ್ತದೆ, ಕೆಂಪು ಮಿಶ್ರಿತ ಮರಿಗಳು ಗುಂಪಾಗಿ ನೀರ ಮೇಲೆ ಸುಳಿದಾಡುತ್ತವೆ, ತಾಯಿತಂದೆ ಕೆಳಗೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಫ್ಲೈ ಹಾಕಿದರೆ ಕಾವಲಿನ ಮೀನು ಖಂಡಿತ ಕಚ್ಚುತ್ತದೆ. ಹಾಕಲೇಬಾರದು. ತಾಯಿತಂದೆಯನ್ನು ತೆಗೆದರೆ ಇಡೀ ಗುಂಪು ಬೇರೆ ಮೀನುಗಳ ಪಾಲಾಗುತ್ತದೆ.

ಶಿಂಷೆಯ ನೀರು ಇಳಿದು ಸೇರುವ ಕಾವೇರಿಯಲ್ಲಿ ಎಳೆಯ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಅಲ್ಲಿನ ದೊರೆ ಮಹಶೀರ್, ನಮ್ಮವರು ಬಿಳಿಮೀನು ಎನ್ನುವುದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಬರೆದ, ಭಾರತದ ಗಾಳದ ಮೇಲಿನ ಮೊದಲ ದೊಡ್ಡ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಗಾಳದ ಲೋಕದ ದೊಡ್ಡ ಹೆಸರು. 1978ರಲ್ಲಿ ಬ್ರಿಟಿಷ್ ಗಾಳಗಾರರ ತಂಡವೊಂದು ಬಂದು ಕಾವೇರಿಯಲ್ಲಿ ದೈತ್ಯ ಮೀನು ಹಿಡಿದ ಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳು ಹೆಸರಾದವು. ಅಲ್ಲಿ ಹೆಚ್ಚಾಗಿ ನಡೆದದ್ದು ಫ್ಲೈ ಅಲ್ಲ, ರಾಗಿ ಹಿಟ್ಟನ್ನು ಬೇಯಿಸಿ ಮಾಡಿದ ಉಂಡೆ. ಆ ಮೀನಿನ ಬಾಯಲ್ಲಿ ಹಲ್ಲಿಲ್ಲ, ಆದರೆ ಗಂಟಲ ಹಲ್ಲು ಹುಕ್ಕನ್ನೇ ಜಜ್ಜಬಲ್ಲದು. ಎಳೆಯನ್ನು ತುಂಡರಿಸುವುದು ಹೊಳೆಯ ಕಲ್ಲು. ದೊಡ್ಡ ಮೀನು ಹಾಸುಬಂಡೆಯ ಸಂದಿಗೆ ನುಗ್ಗಿದರೆ ಎಂಥ ಎಳೆಯೂ ಗೀಚಿ ಹೋಗುತ್ತದೆ. ಹಾಗಾಗಿ ಮಹಶೀರಿಗೆ ಫ್ಲೈ ಹಾಕುವವರು 0.35ರಿಂದ 0.45 ಮಿಲಿಮೀಟರಿನ ಫ್ಲೋರೋಕಾರ್ಬನ್ ಟಿಪ್ಪೆಟ್ ಕಟ್ಟುತ್ತಾರೆ. ಆ ವಸ್ತುವಿನ ಗಡಸು ಮೈಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲಿ. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಬಳಿ ಕಾವೇರಿಯ ಒಂದು ಭಾಗವನ್ನು ಕಾಯ್ದುಕೊಂಡು ಬಂದಿದೆ, ಅಲ್ಲಿ ಹಿಡಿದ ಮಹಶೀರನ್ನು ಮತ್ತೆ ನೀರಿಗೇ ಬಿಡುವುದು ನಿಯಮ.

ಗಾಳಿಬೋರೆಯ ಗಾಳಗಾರರು ಇಟ್ಟ ಪುಸ್ತಕಗಳು ಇನ್ನೊಂದು ಉಪಕಾರ ಮಾಡಿದವು. ಯಾರು, ಎಷ್ಟು ಹೊತ್ತು, ಯಾವ ಮೀನು, ಎಷ್ಟು ತೂಕ ಎಂದು 1998ರಿಂದ 2012ರವರೆಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಕೂಡಿ ಕಳೆದು ನೋಡಿದಾಗ, ಹೊಳೆಯ ಮೂಲನಿವಾಸಿಯಾದ ಗೂನು ಬೆನ್ನಿನ ಮಹಶೀರ್ ಕುಸಿಯುತ್ತ ಬಂದದ್ದೂ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದದ್ದೂ ಬಯಲಾಯಿತು. ಗೂನು ಬೆನ್ನಿನದಕ್ಕೆ ವಿಜ್ಞಾನದಲ್ಲಿ ಸರಿಯಾದ ಹೆಸರು ಖಚಿತವಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿತು. ಅಷ್ಟರಲ್ಲಿ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ನಿಂತುಹೋಗಿತ್ತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಇದೆ. ಗಾಳಗಾರರಿದ್ದರೆ ಡೈನಮೈಟ್ ಹಾಕುವವರು ದೂರ ಇರುತ್ತಿದ್ದರು ಎನ್ನುವುದರಲ್ಲಿ ನನಗೆ ಹುರುಳು ಕಾಣುತ್ತದೆ.

ಮೀನಿನ ಉಳಿವಿಗೂ ಟಿಪ್ಪೆಟ್ಟಿಗೂ ನೇರ ಸಂಬಂಧವಿದೆ. ಸಣ್ಣ ಎಳೆಯಲ್ಲಿ ದೊಡ್ಡ ಮೀನು ಹಿಡಿಯುವುದು ಜಾಣತನವೆಂಬ ಮೆಚ್ಚುಗೆ ತಂಪುನೀರಿನ ದೇಶಗಳಿಂದ ಬಂದದ್ದು. ನಮ್ಮ ನೀರು ಬೆಚ್ಚಗಿನದು. ಬೆಚ್ಚನೆ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ಎಳೆ ಹರಿದೀತೆಂದು ಮೀನನ್ನು ಅರ್ಧ ಗಂಟೆ ದಣಿಸಿ ಬಿಟ್ಟರೆ ಅದು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಹಿಡಿದು ಬಿಡುವವನಿಗೆ ಆದಷ್ಟು ದಪ್ಪ ಟಿಪ್ಪೆಟ್ಟೇ ಧರ್ಮ. ಆದರೂ ಇಡೀ ಸಾಲಿನಲ್ಲಿ ಅತಿ ದುರ್ಬಲ ಜಾಗ ಟಿಪ್ಪೆಟ್ಟಿನಲ್ಲೇ ಇರಬೇಕು. ಹರಿದರೆ ಫ್ಲೈಯ ಬಳಿಯೇ ಹರಿಯಲಿ, ಮೀನು ಮೂರು ಮಾರು ಎಳೆಯನ್ನು ಬಾಯಲ್ಲಿ ಕಟ್ಟಿಕೊಂಡು ಜೊಂಡಿಗೆ ಸಿಕ್ಕಿಹಾಕಿಕೊಳ್ಳಬಾರದು.

ಗಂಟುಗಳ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳಿವೆ, ಕೆಲವನ್ನು ಕಲಿತರೆ ಸಾಕು. ಲೈನಿಗೂ ಲೀಡರಿಗೂ ನೇಲ್ ಗಂಟು, ಅಥವಾ ಎರಡರಲ್ಲೂ ಕುಣಿಕೆ ಮಾಡಿ ಒಂದರೊಳಗೊಂದು ತೂರಿಸುವುದು. ತುಂಡುಗಳನ್ನು ಸೇರಿಸಲು ಬ್ಲಡ್ ಗಂಟು, ದಪ್ಪ ಬಹಳ ಬೇರೆಯಿದ್ದರೆ ಸರ್ಜನ್ ಗಂಟು. ಫ್ಲೈಗೆ ಐದು ಸುತ್ತಿನ ಕ್ಲಿಂಚ್ ಗಂಟು, ಕೊರವದ ಕಪ್ಪೆ ಅಲ್ಲಾಡಬೇಕಾದರೆ ಅದಕ್ಕೆ ಜಾರದ ಕುಣಿಕೆ. ಎಲ್ಲಕ್ಕೂ ಒಂದೇ ನಿಯಮ: ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಬೇಕು, ನಿಧಾನವಾಗಿ ಎಳೆಯಬೇಕು, ಕೈಯಲ್ಲೇ ಜಗ್ಗಿ ಪರೀಕ್ಷಿಸಬೇಕು. ಹರಿದುಬಂದ ಎಳೆಯ ತುದಿ ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ನೇರವಾಗಿ ಕತ್ತರಿಸಿದಂತಿದ್ದರೆ ಹಲ್ಲೋ ಕಲ್ಲೋ ಕತ್ತರಿಸಿದೆ. ಬಯಲುಸೀಮೆಯ ಗಾಳಿಯಲ್ಲಿ ಬೀಸುವಾಗ ಟಿಪ್ಪೆಟ್ಟಿನಲ್ಲಿ ತಾನಾಗಿ ಬೀಳುವ ಒಂಟಿ ಗಂಟು ಎಳೆಯ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಅದನ್ನು ಬಿಡಿಸಲು ಕೂರಬೇಡಿ, ತುಂಡನ್ನೇ ಬದಲಿಸಿ.

ಬದಲಿಸಿದ ತುಂಡನ್ನು ಏನು ಮಾಡುವುದು? ನೈಲಾನ್ ಕೊಳೆಯಲು ನೂರಾರು ವರ್ಷ, ಫ್ಲೋರೋಕಾರ್ಬನ್ ಇನ್ನೂ ಗಟ್ಟಿಪಿಂಡ. ಕೆರೆಯಂಗಳದಲ್ಲಿ ಬಿದ್ದ ಎಳೆ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ, ಮಾಂಸದೊಳಗೆ ಇಳಿಯುತ್ತದೆ. ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರು ಅವುಗಳನ್ನು ಮಕ್ಕಳಂತೆ ಕಾಯುತ್ತಾರೆ. ಆ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದ. ಕಟ್ಟಿದ ಒಂದೊಂದು ಗಂಟಿನ ತುದಿಯೂ, ಕತ್ತರಿಸಿ ಎಸೆಯುವ ಆ ಅರ್ಧ ಇಂಚೂ ಸಹ, ಜೇಬಿನ ಡಬ್ಬಿಗೆ ಹೋಗಬೇಕು. ಬೇರೆಯವರು ಬಿಟ್ಟುಹೋದ ತಂಗೂಸಿ ಏರಿಯ ಮೇಲೆ ಕಂಡರೆ ಅದನ್ನೂ ಸುತ್ತಿಕೊಳ್ಳಬೇಕು.

ಹೊಸದಾಗಿ ಶುರು ಮಾಡುವವರು ಕಾರ್ಖಾನೆಯ ದುಬಾರಿ ಲೀಡರ್‌ಗಳನ್ನು ಡಜನ್ನಿನಲ್ಲಿ ಕೊಳ್ಳಬೇಕಿಲ್ಲ. 0.60, 0.50, 0.40, 0.30, 0.20 ಮಿಲಿಮೀಟರಿನ ನೈಲಾನ್ ಉಂಡೆಗಳು, ಜೊತೆಗೆ 0.25ರ ಫ್ಲೋರೋಕಾರ್ಬನ್ ಒಂದು. 0.10 ಮಿಲಿಮೀಟರ್ ಅಂತರದ ಈ ತುಂಡುಗಳನ್ನು ಸೇರಿಸಲು ಸರ್ಜನ್ ಗಂಟೇ ಸಾಕು. ಕಡಬ, ಗುಬ್ಬಿ, ಕುಣಿಗಲ್ ಕೆರೆಗಳಿಗೆ ಬೇಕಾದ ಎಲ್ಲ ಲೀಡರ್‌ಗಳೂ ಇದರಿಂದಲೇ ಆಗುತ್ತವೆ. ಉಂಡೆಗಳ ಮೇಲೆ ಕೊಂಡ ತಿಂಗಳು ಬರೆದು, ಬಿಸಿಲು ಬೀಳದ ಕಪಾಟಿನಲ್ಲಿಡಿ. ವರ್ಷ ಕಳೆದ ನೈಲಾನಿನ ಮೊದಲ ಕೆಲವು ಮಾರುಗಳನ್ನು ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಒಂದು ಗಂಟು ಹಾಕಿ ಜಗ್ಗಿ ನೋಡಿ. ಸುಲಭವಾಗಿ ಹರಿದರೆ ಅದನ್ನು ಹೂಗಿಡಕ್ಕೆ ಕಟ್ಟಲೂ ಬಳಸದೆ, ಕಸದ ಡಬ್ಬಿಗೆ ಹಾಕುವ ಮುಂಚೆ ಗೇಣುದ್ದಕ್ಕೂ ಕಡಿಮೆ ತುಂಡುಗಳಾಗಿ ಕತ್ತರಿಸಿ.